ಪುಚ್ಚೆಯ ಹೊಟ್ಟೆಯ ಪಂಚಾಂಗ

ನಂದಿಕೂರಿನಲ್ಲಿ ಮೀನು ಬಂತೆಂದು ಮೊದಲು ತಿಳಿಯುವುದು ಬೆಕ್ಕುಗಳಿಗೆ. ಪಡುಬಿದ್ರಿ–ಕಾರ್ಕಳ ರಸ್ತೆಯಲ್ಲಿ ಬೆಳಗಿನಿಂದ ಬಸ್ಸು, ಲಾರಿ, ಶಾಲೆಯ ವ್ಯಾನು ಎಲ್ಲವೂ ಹಾರ್ನ್ ಹಾಕಿಕೊಂಡೇ ಹೋಗುತ್ತವೆ. ಯಾವುದಕ್ಕೂ ಅವು ಕಿವಿ ಅಲ್ಲಾಡಿಸುವುದಿಲ್ಲ. ಮೀನಿನವರ ಸ್ಕೂಟರು ಇನ್ನೂ ತಿರುವಿನಾಚೆ ಇರುವಾಗಲೇ ಮಾಡಿನ ಮೇಲಿದ್ದದ್ದು, ಕಟ್ಟಿಗೆ ರಾಶಿಯ ಹಿಂದಿದ್ದದ್ದು, ತುಳಸಿಕಟ್ಟೆಯ ನೆರಳಲ್ಲಿದ್ದದ್ದು ಎಲ್ಲ ಎದ್ದು ಗೇಟಿನ ಹತ್ತಿರ ಬಂದು ಕೂರುತ್ತವೆ. ನಾವು ಪಾತ್ರೆ ಹುಡುಕಿ, ಚಿಲ್ಲರೆ ಹುಡುಕಿ ಹೊರಗೆ ಬರುವಷ್ಟರಲ್ಲಿ ಅವುಗಳ ಸಭೆ ಸೇರಿ ಆಗಿರುತ್ತದೆ.

ತುಳುವಿನಲ್ಲಿ ಪುಚ್ಚೆ ಎಂದು ಕರೆಸಿಕೊಳ್ಳುವ ಈ ಪ್ರಾಣಿಯನ್ನು ನಮ್ಮ ಹಿರಿಯರು ಮುದ್ದಿಗೆಂದು ಸಾಕಿದವರಲ್ಲ. ಅಟ್ಟದಲ್ಲಿ ಅಕ್ಕಿಮುಡಿ ಇರುತ್ತಿತ್ತು. ಬೈಹುಲ್ಲು ಸುತ್ತಿ ಬಿಗಿದು ಕಟ್ಟಿದ ಆ ಮುಡಿಗೆ ಇಲಿ ಬಾಯಿ ಹಾಕಿದರೆ ಮಳೆಗಾಲದ ಅನ್ನಕ್ಕೇ ಕುತ್ತು. ಅದನ್ನು ಕಾಯುವ ಕೆಲಸ ಬೆಕ್ಕಿನದು, ಕೂಲಿ ಒಂದು ಹಿಡಿ ಗಂಜಿ ಮತ್ತು ಮೀನಿನ ತಲೆ. ಕೆಲಸದವರಿಗೆ ಹುಷಾರಿಲ್ಲದಿದ್ದರೆ ವಿಚಾರಿಸುತ್ತಿದ್ದರು; ಬೆಕ್ಕು ಎರಡು ದಿನ ಕಾಣದಿದ್ದರೆ "ಎಲ್ಲಿಗೋ ಹೋಗಿರಬೇಕು" ಎನ್ನುತ್ತಿದ್ದರು, ಅಷ್ಟೆ. ಹಟ್ಟಿಯ ದನ ಮೇವು ಬಿಟ್ಟರೆ ಮನೆಯವರಿಗೆಲ್ಲ ಗಾಬರಿ. ಬೆಕ್ಕು ಊಟ ಬಿಟ್ಟದ್ದು ಎಷ್ಟೋ ಮನೆಗಳಲ್ಲಿ ಗೊತ್ತೇ ಆಗುತ್ತಿರಲಿಲ್ಲ.

ಈಗ ಹಾಗಿಲ್ಲ. ಬೆಳಗ್ಗೆ ಅಂಗಳ ಗುಡಿಸುತ್ತಿರುವಾಗ ಪಕ್ಕದ ಮನೆಯ ಹುಡುಗಿ ಬೇಲಿಯ ಆಚೆಯಿಂದ ಕೂಗುತ್ತಾಳೆ: "ಅಕ್ಕ, ನಮ್ಮ ಪುಚ್ಚೆಗೆ ಎಂತದೋ ಆಗಿದೆ. ನಿನ್ನೆಯಿಂದ ಮೂಲೆ ಹಿಡಿದಿದೆ. ಹಳದಿ ಹಳದಿ ವಾಂತಿ." ಅವಳ ದನಿಯಲ್ಲಿರುವ ಆತಂಕ ಕೇಳಿದಾಗ ನನಗೆ ಸಂತೋಷವೂ ಆಗುತ್ತದೆ. ಕೇಳುವವರು ಹುಟ್ಟಿಕೊಂಡಿದ್ದಾರಲ್ಲ! ಇಂಥ ಕರೆಗಳಿಗೆ ಓಗೊಟ್ಟು ಓಗೊಟ್ಟು ನನಗೆ ಖಚಿತವಾದದ್ದು ಒಂದು ಉಂಟು. ನಮ್ಮ ಕಡೆಯ ಬೆಕ್ಕಿನ ಹೊಟ್ಟೆ ನಮ್ಮ ಅಡುಗೆಮನೆಯ ಪಂಚಾಂಗವನ್ನೇ ಹಿಡಿದು ನಡೆಯುತ್ತದೆ. ಮೀನಿನ ಕಾಲ, ಮೀನಿಲ್ಲದ ಕಾಲ, ಮಳೆ, ಹಬ್ಬ, ಹೂವಿನ ಕಾಲ ಎಲ್ಲವೂ ಅದರ ಕರುಳಿನವರೆಗೆ ಹೋಗಿ ಮುಟ್ಟುತ್ತವೆ. ಬೆಕ್ಕಿಗೆ ಹೊಟ್ಟೆ ಕೆಟ್ಟರೆ ಮದ್ದು ಯಾವುದೆಂದು ಕೇಳುವ ಮೊದಲು ಈ ವಾರ ನಮ್ಮ ಮನೆಯಲ್ಲಿ ಏನು ಬದಲಾಯಿತು ಎಂದು ಕೇಳಿಕೊಳ್ಳಬೇಕು.

ಮೀನಿನಿಂದಲೇ ಶುರು ಮಾಡೋಣ, ನಮ್ಮಲ್ಲಿ ಯಾವ ಮಾತಾದರೂ ಅಲ್ಲಿಗೇ ಬರುವುದಲ್ಲವೇ. ಆಗಸ್ಟ್ ತಿಂಗಳಲ್ಲಿ ದೋಣಿಗಳು ಕಡಲಿಗಿಳಿದ ಮೇಲೆ ಮಲ್ಪೆಯಿಂದ, ಹೆಜಮಾಡಿಯಿಂದ ಬೂತಾಯಿ, ಬಂಗುಡೆ ಬರತೊಡಗುತ್ತವೆ. ಹಿತ್ತಲಿನಲ್ಲಿ ಮೀನು ಕೊಯ್ಯುವಾಗ ಸುತ್ತ ಕೂತ ಬೆಕ್ಕುಗಳಿಗೆ ತಲೆ, ಕರುಳು, ಕಿವಿರು ಎಸೆಯುತ್ತೇವೆ. ಬೂತಾಯಿ ಎಣ್ಣೆ ತುಂಬಿದ ಮೀನು. ಒಂದೆರಡು ತಲೆ ತಿಂದರೆ ತೊಂದರೆಯಿಲ್ಲ. ಅಗ್ಗವಾಗಿ ರಾಶಿ ರಾಶಿ ಸಿಕ್ಕಿದ ದಿನ ಹೊಟ್ಟೆ ಬಿರಿಯೆ ತಿಂದರೆ ರಾತ್ರಿ ಭೇದಿ. ಅದು ಒಂದು ದಿನದ ಮಾತು. ದಿನವೂ ಹಸಿಮೀನೇ ಆಹಾರವಾದರೆ ಇನ್ನೊಂದು ಸಂಗತಿ ಉಂಟು: ಹಲವು ಮೀನುಗಳ ಹಸಿ ಮಾಂಸದಲ್ಲಿ, ಅದರಲ್ಲೂ ಕರುಳಿನಲ್ಲಿ, ಥಯಾಮಿನೇಸ್ ಎಂಬ ಕಿಣ್ವವಿರುತ್ತದೆ. ಅದು ಬಿ1 ಜೀವಸತ್ವವನ್ನು ಮುರಿದುಹಾಕುತ್ತದೆ. ಆ ಜೀವಸತ್ವ ಬೆಕ್ಕಿಗೆ ನಾಯಿಗಿಂತ ಹೆಚ್ಚು ಬೇಕು. ಕಡಿಮೆಯಾದರೆ ಮೊದಲು ಊಟ ಸೇರುವುದಿಲ್ಲ, ವಾಂತಿ, ಆಮೇಲೆ ತಲೆ ಬಗ್ಗಿಸಿ ತೂರಾಡುತ್ತದೆ. ಬೇಯಿಸಿದರೆ ಆ ಕಿಣ್ವ ನಾಶ. ಒಂದು ಕುದಿ ಬರಿಸುವ ಶ್ರಮಕ್ಕೆ ಇಷ್ಟು ದೊಡ್ಡ ಪ್ರತಿಫಲ. ಹಾಗಿದ್ದರೂ ಬೇಯಿಸಿದ ಮೀನೊಂದನ್ನೇ ವರ್ಷವಿಡೀ ಹಾಕಬಾರದು. ಎಣ್ಣೆ ಮೀನೇ ಊಟವಾದ ಬೆಕ್ಕಿನಲ್ಲಿ ಇ ಜೀವಸತ್ವ ಸಾಲದೆ ಚರ್ಮದಡಿಯ ಕೊಬ್ಬು ಊದಿ ನೋಯುವ ಕಾಯಿಲೆ ಬರುತ್ತದೆ, ಮುಟ್ಟಿದರೆ ಕಿರುಚುತ್ತದೆ.

ಬಂಗುಡೆಯ ಕತೆ ಬೇರೆ. ಮಂಜುಗಡ್ಡೆಯಿಲ್ಲದೆ ಬಿಸಿಲಿಗೆ ಬಿದ್ದ ಬಂಗುಡೆಯಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ವಸ್ತುವನ್ನು ಹುಟ್ಟಿಸುತ್ತವೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮಧ್ಯಾಹ್ನದವರೆಗೆ ಊರೆಲ್ಲ ಸುತ್ತಿ ಉಳಿದ, ಕಣ್ಣು ಒಳಗಿಳಿದ ಮೀನನ್ನು ನಾವು ತಿನ್ನದೆ "ಬೆಕ್ಕಿಗಾಯಿತು" ಎಂದು ತೆಗೆದುಕೊಳ್ಳುವುದುಂಟು. ನಮಗೆ ಆಗದ್ದು ನಾಲ್ಕು ಕಿಲೋ ತೂಕದ ಜೀವಕ್ಕೆ ಹೇಗೆ ಆದೀತು? ಈ ಮಾತನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಬೆಕ್ಕಿನ ತಟ್ಟೆ ಕಸದ ಡಬ್ಬಿಗೆ ಪರ್ಯಾಯವಾಗಬಾರದು.

ಇನ್ನು ಸಾರಿನ ಹೋಳು. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಳಿ, ನೀರುಳ್ಳಿ, ಬೆಳ್ಳುಳ್ಳಿ ಅರೆದು ಕುದಿಸಿದ ಮೀನಿನ ಗಸಿ ನಮಗೆ ಅಮೃತ. ಬೆಕ್ಕಿಗೆ ಅದರಲ್ಲಿರುವ ಖಾರಕ್ಕಿಂತ ಕೆಟ್ಟದ್ದು ನೀರುಳ್ಳಿ, ಬೆಳ್ಳುಳ್ಳಿ. ಅವುಗಳ ಗಂಧಕದ ಅಂಶ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ವಾಂತಿ, ಭೇದಿ ಆಮೇಲೆ ನಿಂತರೂ ಕೆಲವು ದಿನ ಕಳೆದು ಒಸಡು ಬೆಳ್ಳಗಾಗಿ ಸುಸ್ತಾಗಿ ಬೀಳುವುದುಂಟು. ಹೋಳನ್ನು ನೀರಿನಲ್ಲಿ ತೊಳೆದು ಹಾಕುವವರಿದ್ದಾರೆ. ಮಸಾಲೆ ಒಳಗೆ ಇಳಿದಾದ ಮೇಲೆ ತೊಳೆದು ಫಲವಿಲ್ಲ. ಮಸಾಲೆ ಹಾಕುವ ಮೊದಲೇ ಅದರ ಪಾಲನ್ನು ಬೇರೆ ಇಟ್ಟು, ಉಪ್ಪಿಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ ಹಾಕಿದರೆ ಆಯಿತು.

ಜೂನ್ 1 ಬರುತ್ತದೆ. ಅಂದಿನಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್. ಮೀನಿನ ಮೊಟ್ಟೆಯ ಕಾಲ, ಮಳೆಯ ಕಾಲ. ಮನೆಯಲ್ಲಿ ಒಣಮೀನಿನ ಡಬ್ಬಿ ತೆರೆಯುತ್ತದೆ. ಒಣಮೀನಿನ ಉಪ್ಪು ನಮಗೆ ಗಂಜಿಯ ಜೊತೆ ಸರಿ. ಬೆಕ್ಕು ಅದನ್ನು ತಿಂದು ಬಾಯಾರಿ, ನೀರು ಕುಡಿದು, ವಾಂತಿ ಮಾಡಿ, ಮತ್ತೆ ಬಾಯಾರುತ್ತದೆ. ಕೆಲವು ಮನೆಗಳಲ್ಲಿ ಒಣಮೀನೂ ಇಲ್ಲ. ನಿನ್ನೆವರೆಗೆ ಮೀನು ತಿಂದ ಬೆಕ್ಕಿಗೆ ಇವತ್ತು ಮೊಸರನ್ನ, ನಾಡಿದ್ದು ಅಂಗಡಿಯಿಂದ ತಂದ ಪ್ಯಾಕೆಟ್ ಆಹಾರ. ಜೂನ್ ಮೊದಲ ವಾರದಲ್ಲಿ ಬೇಲಿಯ ಆಚೆಯಿಂದ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಇದರವೇ. ಬೆಕ್ಕಿನ ಕರುಳಿನಲ್ಲಿ ವಾಸವಾಗಿರುವ ಸೂಕ್ಷ್ಮಜೀವಿಗಳು ಬಂದ ಆಹಾರಕ್ಕೆ ಹೊಂದಿಕೊಂಡಿರುತ್ತವೆ. ಒಮ್ಮೆಲೇ ಬದಲಿಸಿದರೆ ಗಲಾಟೆ ಏಳುತ್ತದೆ. ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಏಳರಿಂದ ಹತ್ತು ದಿನ ಹಿಡಿದು ಬದಲಿಸಬೇಕು. ಮೇ ಕೊನೆಯ ವಾರದಲ್ಲಿಯೇ ಶುರುಮಾಡಿದರೆ ಕಡಲು ಬಂದ್ ಆಗುವ ಹೊತ್ತಿಗೆ ಬೆಕ್ಕಿನ ಹೊಟ್ಟೆಯೂ ತಯಾರು.

ಆಮೇಲೆ ತುಳುವರ ಆಟಿ ತಿಂಗಳು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುಂಚೆ ಪಾಲೆ ಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ, ಮನೆಮಂದಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಕುಡಿಯುವ ಪದ್ಧತಿ ನಮ್ಮದು. ಕಬ್ಬಿಣ ತಾಗಿಸಬಾರದು. ಕುಡಿದ ಮೇಲೆ ಮೆಂತೆ ಗಂಜಿ. ವರ್ಷವಿಡೀ ಹೊಟ್ಟೆ ಕೆಡುವುದಿಲ್ಲ ಎಂಬ ನಂಬಿಕೆ. ಆ ಕಹಿಯ ನೆನಪೇ ನಾಲಿಗೆಯನ್ನು ಮಡಚಿಸುತ್ತದೆ! ಆ ಕಷಾಯವನ್ನು ಕುಡಿಯುವ ಮನುಷ್ಯರೇ ಮರವನ್ನು ಸರಿಯಾಗಿ ಗುರುತಿಸಬೇಕು, ಬೇರೆ ಮರದ ತೊಗಟೆ ತಂದು ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಹೀಗಿರುವಾಗ "ನಮ್ಮ ಹೊಟ್ಟೆಗೆ ಒಳ್ಳೆಯದಾದದ್ದು ಅದಕ್ಕೂ ಒಂದು ಚಮಚ" ಎಂದು ಬೆಕ್ಕಿನ ಬಾಯಿಗೆ ಹಿಡಿಯುವುದು ಬೇಡವೇ ಬೇಡ. ಅದರ ಯಕೃತ್ತು ನಮ್ಮದರಂತೆ ಕೆಲಸ ಮಾಡುವುದಿಲ್ಲ. ನಮ್ಮ ಯಕೃತ್ತು ಸುಲಭವಾಗಿ ಕಟ್ಟಿ ಹೊರಹಾಕುವ ಎಷ್ಟೋ ವಸ್ತುಗಳು ಬೆಕ್ಕಿನೊಳಗೆ ಹಾಗೆಯೇ ನಿಂತು ವಿಷವಾಗುತ್ತವೆ. ಈ ಮಾತಿಗೆ ಮುಂದೆ ಮತ್ತೆ ಬರಬೇಕು.

ಹಾಲಿನ ವಿಷಯ ಹೇಳದೆ ಮುಂದೆ ಹೋಗಲಾಗದು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಮ್ಮ ಗಾದೆಗಳಲ್ಲೇ ಸೇರಿಹೋಗಿದೆ. ತೆನಾಲಿ ರಾಮಕೃಷ್ಣನ ಬೆಕ್ಕು ಮಾತ್ರ ಬೇರೆ ಜಾತಿಯದು. ಇಲಿಗಳ ಕಾಟ ತಪ್ಪಿಸಲು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಹಸು ಕೊಟ್ಟನಂತೆ. ಉಳಿದವರ ಬೆಕ್ಕುಗಳು ಕೊಬ್ಬಿದವು. ರಾಮಕೃಷ್ಣನದು ಮಾತ್ರ ಬಡಕಲು, ಹಾಲು ಕಂಡರೆ ಓಡುತ್ತಿತ್ತು. ಮೊದಲ ದಿನವೇ ಸುಡುಹಾಲಿಟ್ಟು ಬಾಯಿ ಸುಡಿಸಿದ್ದ ಅವನು. ಚಿಕ್ಕಂದಿನಲ್ಲಿ ಈ ಕತೆ ಕೇಳಿದಾಗಲೆಲ್ಲ ಆ ಬೆಕ್ಕಿನ ನಾಲಿಗೆ ನೆನೆದು ನನಗೆ ಸಂಕಟವಾಗುತ್ತಿತ್ತು, ಈಗಲೂ ಆಗುತ್ತದೆ. ಸುಡಿಸಬೇಕಾಗಿಯೇ ಇರಲಿಲ್ಲ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಹಿಡಿಸುವುದಿಲ್ಲ. ತಾಯಿಯ ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಕರಗಿಸುವ ಲ್ಯಾಕ್ಟೇಸ್ ಕಿಣ್ವ ಅವುಗಳಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಕರಗದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತದೆ, ಹುಳಿಯುತ್ತದೆ, ಹೊಟ್ಟೆ ಉಬ್ಬರಿಸಿ ನೀರುನೀರಾಗಿ ಹೋಗುತ್ತದೆ. ತಾಯಿಯಿಲ್ಲದ ಮರಿಗೆ ದನದ ಹಾಲು ಕುಡಿಸಿದರೆ ಇನ್ನೂ ಕಷ್ಟ. ಅದಕ್ಕೆ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಸಿಗುತ್ತದೆ.

ಹಾಗಾದರೆ ಪಾಯಸದ ಪಾತ್ರೆ ನೆಕ್ಕುವುದೇಕೆ? ಸಿಹಿಯ ಆಸೆಗಂತೂ ಅಲ್ಲ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕವನ್ನು ಕಟ್ಟುವ ವಂಶವಾಹಿಯೊಂದು ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ ಎಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಹುಲಿಗೂ ಹಾಗೆಯೇ. ಪಾಯಸದಲ್ಲಿ ಅದು ಹುಡುಕುವುದು ತುಪ್ಪದ, ಹಾಲಿನ ಕೊಬ್ಬನ್ನು.

ಮಾಂಸವನ್ನೇ ನೆಚ್ಚಿ ಹುಟ್ಟಿದ ಪ್ರಾಣಿ ಅದು. ಎಂಜಲಿನಲ್ಲಿ ಪಿಷ್ಟ ಕರಗಿಸುವ ಕಿಣ್ವವೂ ಅದಕ್ಕಿಲ್ಲ. ಉಡುಪಿಯ ಸುತ್ತಿನ ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನ ತಿಂದೇ ಬೆಕ್ಕು ಹದಿನೈದು ವರ್ಷ ಬಾಳಿತೆಂದು ಹೇಳುವವರ ಮಾತು ಸುಳ್ಳಲ್ಲ. ಆದರೆ ಆ ಬೆಕ್ಕು ಮನೆಯವರು ಮಲಗಿದ ಮೇಲೆ ತೋಟದಲ್ಲಿ ಇಲಿ ಹಿಡಿದು ತನ್ನ ಊಟವನ್ನು ಪೂರ್ತಿ ಮಾಡಿಕೊಳ್ಳುತ್ತಿತ್ತು. ಮಣಿಪಾಲದ ಫ್ಲ್ಯಾಟಿನಲ್ಲಿ ಏಳನೆಯ ಮಾಳಿಗೆಯ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಟಾರಿನ್ ಎಂಬ ಅಂಶ ಮಾಂಸದಲ್ಲಿ, ಮೀನಿನಲ್ಲಿ ಮಾತ್ರ ಸಾಕಷ್ಟು ಸಿಗುತ್ತದೆ. ಅದಿಲ್ಲದೆ ಬೆಕ್ಕಿನ ಕಣ್ಣೂ ಹೃದಯವೂ ಸೋಲುತ್ತವೆ. ಹೃದಯದ ಸಂಬಂಧ ಖಚಿತವಾದದ್ದು 1987ರಲ್ಲಿ. ಮನೆಯೊಳಗೇ ಇರುವ ಬೆಕ್ಕಿಗೆ ಮಾಂಸ ಕೊಡಲು ಮನಸ್ಸಿಲ್ಲದವರು ಟಾರಿನ್ ಬೆರೆಸಿದ ತಯಾರಿ ಆಹಾರವನ್ನಾದರೂ ಕೊಡಲೇಬೇಕು.

ಹೊಟ್ಟೆ ಕೆಟ್ಟ ಬೆಕ್ಕು ಹುಲ್ಲು ತಿಂದು ತಾನೇ ಮದ್ದು ಮಾಡಿಕೊಳ್ಳುತ್ತದೆ ಎಂಬ ಮಾತನ್ನು ಎಲ್ಲ ಊರಿನಲ್ಲೂ ಕೇಳುತ್ತೇವೆ. ಮಳೆ ಬಿದ್ದು ಅಂಗಳದ ಅಂಚಿನಲ್ಲಿ ಗರಿಕೆ ಚಿಗುರಿದಾಗ ಬೆಕ್ಕು ತಲೆ ಓರೆ ಮಾಡಿ ದವಡೆಯಿಂದ ಕತ್ತರಿಸಿ ತಿನ್ನುವುದನ್ನು ನೋಡುವುದೇ ಒಂದು ಚೆಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಮನೆಯವರನ್ನು ವಿಚಾರಿಸಿ ನೋಡಿದ್ದಾರೆ. ಹೆಚ್ಚಿನ ಬೆಕ್ಕುಗಳು ಹುಲ್ಲು ತಿನ್ನುತ್ತವೆ. ತಿಂದ ಮೇಲೆ ಆಗಾಗ ವಾಂತಿ ಮಾಡುವವು ಸುಮಾರು ಕಾಲುಭಾಗ. ತಿನ್ನುವ ಮೊದಲೇ ಹುಷಾರಿಲ್ಲದಂತೆ ಕಂಡವು ತೀರ ಕಡಿಮೆ. ಆರೋಗ್ಯವಾಗಿರುವ ಬೆಕ್ಕೂ ತಿನ್ನುತ್ತದೆ ಎಂದಾಯಿತು. ಕಾಡಿನಲ್ಲಿದ್ದ ಪೂರ್ವಿಕರು ಕರುಳಿನ ಹುಳಗಳನ್ನು ಹೊರದೂಡಲು ಕಲಿತ ಅಭ್ಯಾಸದ ಉಳಿಕೆ ಇದು ಎಂದು ಅವರ ಊಹೆ. ತಿನ್ನಲಿ ಬಿಡಿ. ಕಳೆನಾಶಕ ಹೊಡೆದ ಹುಲ್ಲಿನ ಹತ್ತಿರ ಮಾತ್ರ ಬಿಡಬೇಡಿ.

ಹಿತ್ತಲಿನ ಕುಪ್ಪಿಗಿಡದ ಕತೆ ಇನ್ನೂ ಸೊಗಸು. ಅದನ್ನು ಬೇರುಸಹಿತ ಕಿತ್ತು ಹಾಕಿದರೆ ಎಲ್ಲಿದ್ದ ಬೆಕ್ಕೂ ಬಂದು ಆ ಬೇರನ್ನು ಮೂಸಿ, ಕಚ್ಚಿ, ಹೊರಳಾಡಿ, ಅಮಲೇರಿ ಬಿದ್ದುಕೊಳ್ಳುತ್ತದೆ. ಮಲಯಾಳಿಗಳು ಅದನ್ನು ಬೆಕ್ಕನ್ನು ಮರುಳು ಮಾಡುವ ಗಿಡ ಎಂದೇ ಕರೆಯುತ್ತಾರೆ. ಕಳೆ ಕೀಳುವಾಗ ಇದನ್ನು ನೋಡಿ "ಬೆಕ್ಕಿಗೆ ಹುಚ್ಚು ಹಿಡಿಯಿತು" ಎಂದು ಹೆದರಬೇಕಾದ್ದಿಲ್ಲ. ಹೊಟ್ಟೆಗೆ ಅದೇನೂ ಮದ್ದಲ್ಲ, ಅದಕ್ಕೊಂದು ಹಬ್ಬ ಅಷ್ಟೇ.

ಈಗ ವಾಂತಿ. ನೋಡಲು ಯಾರಿಗೂ ಇಷ್ಟವಿಲ್ಲ. ಬೂದಿ ಹಾಕಿ ಬಳಿದು ಕೈತೊಳೆಯುವುದೇ ರೂಢಿ. ನಾನು ಹೇಳುವುದು, ಬಳಿಯುವ ಮೊದಲು ಒಂದು ಗಳಿಗೆ ನೋಡಿ. ಕೊಳವೆಯ ಆಕಾರದಲ್ಲಿ ಜಗಿಯದ ಆಹಾರ ಹಾಗೆಯೇ ಬಂದಿದ್ದರೆ ಗಬಗಬನೆ ತಿಂದದ್ದು ಗಂಟಲಿಂದಲೇ ಹಿಂದೆ ಬಂದಿರಬಹುದು. ಇನ್ನೊಂದು ಬೆಕ್ಕಿನ ಹೆದರಿಕೆಯಿಂದ ಹಾಗೆ ತಿನ್ನುವುದು ಹೆಚ್ಚು. ತಟ್ಟೆಗಳನ್ನು ದೂರದೂರ ಇಟ್ಟರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಹಳದಿ ನೀರಾದರೆ ಪಿತ್ತ, ಹೊಟ್ಟೆ ಖಾಲಿ ಇದೆ. ಕೂದಲಿನ ಉಂಡೆ ಅಪರೂಪಕ್ಕೊಮ್ಮೆ ಬಂದರೆ ಸಹಜ, ವಾರ ವಾರವೂ ಬಂದರೆ ಸಹಜವಲ್ಲ. ಕಾಫಿಪುಡಿಯಂತೆ ಕಪ್ಪಗಿದ್ದರೆ ಒಳಗೆ ರಕ್ತ ಬಿದ್ದಿದೆ, ಅಂದೇ ಡಾಕ್ಟರ ಹತ್ತಿರ ಓಡಬೇಕು. ಕತ್ತು ಚಾಚಿ, ನೆಲಕ್ಕೆ ಬಗ್ಗಿ, ಓಕರಿಸಿ ಓಕರಿಸಿ ಏನೂ ಬಾರದೆ ಎದ್ದು ಹೋಗುತ್ತಿದ್ದರೆ ಅದು ವಾಂತಿಯೇ ಅಲ್ಲದಿರಬಹುದು. ಬೆಕ್ಕಿನ ಅಸ್ತಮಾದ ಕೆಮ್ಮು ನೋಡುವವರಿಗೆ ಹಾಗೆಯೇ ಕಾಣುತ್ತದೆ. ಮರಳಿನ ತಟ್ಟೆಯಲ್ಲಿ ಮತ್ತೆ ಮತ್ತೆ ಕೂತು ತಿಣುಕುವ ಗಂಡು ಬೆಕ್ಕಿಗೆ ಮಲಬದ್ಧತೆ ಎಂದು ತಿಳಿದು ಮನೆಮದ್ದು ಮಾಡುವವರಿದ್ದಾರೆ. ಮೂತ್ರ ಕಟ್ಟಿರಬಹುದು, ಜೊತೆಗೆ ವಾಂತಿಯೂ ಇರಬಹುದು. ಮೂತ್ರ ಕಟ್ಟಿದರೆ ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗುತ್ತದೆ.

ಹೂವಿನ ಮಾತಿಗೆ ಬಂದೆ. ಇಲ್ಲಿಗೆ ಹತ್ತಿರದ ಶಂಕರಪುರ ಮಲ್ಲಿಗೆಯ ಊರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟುವುದು ಅಲ್ಲಿನ ಕ್ರಮ. ಮನೆಯಲ್ಲಿ ನಾವು ಕಟ್ಟುವಾಗ ಬಾಳೆನಾರು ಸಿಗದೆ ಹತ್ತಿಯ ನೂಲು ಹಿಡಿಯುತ್ತೇವೆ. ಮುಡಿದು ಬಾಡಿದ ಮಾಲೆ ಮೂಲೆಗೆ ಬೀಳುತ್ತದೆ, ಬೆಕ್ಕಿಗೆ ಆಟಕ್ಕೊಂದು ವಸ್ತು ಸಿಕ್ಕಿತು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿ ಬಾಗಿವೆ. ಬಾಯಿಗೆ ಹೋದ ನೂಲನ್ನು ಉಗಿಯಲು ಅದಕ್ಕೆ ಆಗುವುದಿಲ್ಲ, ನುಂಗುತ್ತಲೇ ಹೋಗಬೇಕು. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ಕರುಳಿಗೆ ಇಳಿದರೆ, ಕರುಳು ಆ ನೂಲಿನ ಮೇಲೆ ನೆರಿಗೆ ನೆರಿಗೆಯಾಗಿ ಕುಗ್ಗಿ ಕೊನೆಗೆ ಕೊಯ್ದುಹೋಗುತ್ತದೆ. ಹೊಲಿಗೆಯ ದಾರ, ಗಾಳದ ನೂಲು, ಪೊಟ್ಟಣ ಕಟ್ಟಿದ ದಾರ ಎಲ್ಲದಕ್ಕೂ ಇದೇ ಮಾತು. ಬಾಯಿಂದಾಗಲಿ ಹಿಂದಿನಿಂದಾಗಲಿ ನೂಲಿನ ತುದಿ ಕಂಡರೆ ದಯವಿಟ್ಟು ಎಳೆಯಬೇಡಿ, ಕತ್ತರಿಸಲೂ ಬೇಡಿ. ಹಾಗೆಯೇ ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ. ಹೂವು ಮುಡಿಯುವ ಸಂತೋಷವನ್ನು ಬಿಡಬೇಕಾಗಿಲ್ಲ. ಬಾಡಿದ ಮಾಲೆ ನೇರವಾಗಿ ತೆಂಗಿನಮರದ ಬುಡಕ್ಕೆ ಹೋಗಲಿ, ಮೇಲೊಂದು ಹಿಡಿ ಮಣ್ಣು ಬೀಳಲಿ.

ಹಲ್ಲಿ ತಿಂದರೆ ವಿಷವೆಂದು ಎಲ್ಲರ ನಂಬಿಕೆ. ಗೋಡೆಯ ಹಲ್ಲಿಗೆ ವಿಷವಿಲ್ಲ. ಆದರೆ ಬಿಸಿ-ತೇವದ ನಾಡುಗಳಲ್ಲಿ ಒಂದು ಚಪ್ಪಟೆ ಹುಳ ಬಸವನಹುಳುವಿನಿಂದ ಹೊರಟು, ನೆಲದ ಸಣ್ಣ ಹುಳಗಳ ಮೂಲಕ ಹಲ್ಲಿಯನ್ನು ಸೇರಿ, ಹಲ್ಲಿಯಿಂದ ಬೆಕ್ಕಿನ ಪಿತ್ತನಾಳಕ್ಕೆ ಬಂದು ಬೀಡುಬಿಡುತ್ತದೆ. ಹೆಚ್ಚಾದರೆ ಊಟ ಸೇರದೆ, ವಾಂತಿಯಾಗಿ, ಕಣ್ಣು ಕಿವಿ ಹಳದಿಯಾಗುತ್ತವೆ. ಹಿರಿಯರು ಕಂಡ ಕಾಯಿಲೆ ನಿಜವೇ, ಕಾರಣ ಮಾತ್ರ ಹುಳ. ಮೊದಲ ಮಳೆಗೆ ಏಳುವ ನೆಲಗಪ್ಪೆಯ ಚರ್ಮದಲ್ಲಿಯೋ ಸಾಕ್ಷಾತ್ ವಿಷವೇ ಉಂಟು. ಕಚ್ಚಿದ ಬೆಕ್ಕಿನ ಬಾಯಿಂದ ನೊರೆ, ಜೊಲ್ಲು. ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರೆಸಿ ಒರೆಸಿ ತೆಗೆಯಬೇಕು.

ಹಾಗಿದ್ದರೆ ಮನೆಯಲ್ಲಿ ನಾವು ಮಾಡಬಹುದಾದ್ದು ಏನು? ಒಂದೆರಡು ಸಲ ವಾಂತಿಯೋ ಭೇದಿಯೋ ಆದ, ಚುರುಕಾಗಿಯೇ ಇರುವ ದೊಡ್ಡ ಬೆಕ್ಕಿಗೆ ಕೆಲವು ಗಂಟೆ ಹೊಟ್ಟೆಗೆ ಬಿಡುವು ಕೊಟ್ಟು, ಆಮೇಲೆ ಬೇಯಿಸಿದ ಕೋಳಿಯ ಎದೆಮಾಂಸ ಎಲುಬಿಲ್ಲದೆ, ಉಪ್ಪಿಲ್ಲದೆ, ಚೂರು ಚೂರೇ, ದಿನಕ್ಕೆ ನಾಲ್ಕೈದು ಸಲ. ನೀರು ಯಾವಾಗಲೂ ಹತ್ತಿರದಲ್ಲಿರಲಿ. ಭುಜದ ಮೇಲಿನ ಚರ್ಮವನ್ನು ಎತ್ತಿ ಬಿಟ್ಟರೆ ಕೂಡಲೇ ಕೆಳಗಿಳಿಯಬೇಕು. ನಿಧಾನವಾಗಿ ಇಳಿದರೆ, ಒಸಡು ಬೆರಳಿಗೆ ಅಂಟಿದರೆ ಮೈಯ ನೀರು ಹೋಗಿದೆ. ಬಾಯಿಂದ ಹಾಕಿ ಅದನ್ನು ತುಂಬುವುದು ಕಷ್ಟ. ಡಾಕ್ಟರು ಚರ್ಮದಡಿಗೆ ದ್ರವ ಕೊಟ್ಟರೆ ಗಂಟೆಗಳಲ್ಲಿ ಕಣ್ಣು ಹೊಳೆಯುತ್ತದೆ. ಲಂಘನಂ ಪರಮೌಷಧಂ ಎಂಬುದನ್ನು ಬೆಕ್ಕಿನ ಮೇಲೆ ಉದ್ದಕ್ಕೆ ಎಳೆಯಬಾರದು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನಲ್ಲಿ, ದಪ್ಪಗಿದ್ದರಂತೂ ಇನ್ನೂ ಬೇಗ, ಮೈಯ ಕೊಬ್ಬೆಲ್ಲ ಯಕೃತ್ತಿಗೆ ಹರಿದು ಅದೇ ಕೆಟ್ಟು ಕೂರುತ್ತದೆ. ನಾಯಿ ಉಪವಾಸ ತಡೆದೀತು, ಬೆಕ್ಕು ತಡೆಯದು.

ಬಲವಂತದಿಂದ ಕುಡಿಸುವ ತೆಂಗಿನೆಣ್ಣೆ, ಹರಳೆಣ್ಣೆ ಬೇಡ. ಒದ್ದಾಡುವ ಬೆಕ್ಕಿನ ಶ್ವಾಸನಾಳಕ್ಕೆ ಎಣ್ಣೆ ಇಳಿದರೆ ನ್ಯುಮೋನಿಯಾ. ಮತ್ತೆ ಯಕೃತ್ತಿನ ಮಾತಿಗೆ ಬರುತ್ತೇನೆ. ಬೆಕ್ಕಿನ ಮೈ ಬಿಸಿಯಾಗಿದೆಯೆಂದು ಪ್ಯಾರಾಸಿಟಮಾಲ್ ಕೊಟ್ಟವರ ಮನೆಯ ದುಃಖವನ್ನು ನಾನು ನೋಡಿದ್ದೇನೆ. ಎಷ್ಟು ಪ್ರೀತಿಯಿಂದ ಕೊಟ್ಟಿದ್ದರು! 500 ಮಿಲಿಗ್ರಾಮಿನ ಒಂದೇ ಮಾತ್ರೆ ಬೆಳೆದ ಬೆಕ್ಕನ್ನು ಕೊಲ್ಲಬಲ್ಲದು. ಅರ್ಧ, ಕಾಲು ಎಂಬ ಸುರಕ್ಷಿತ ಲೆಕ್ಕವೂ ಇಲ್ಲ. ಒಸಡು ಕಂದಾಗುತ್ತದೆ, ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ನಮ್ಮ ಮದ್ದಿನ ಡಬ್ಬಿಯ ಯಾವುದೂ ಡಾಕ್ಟರನ್ನು ಕೇಳದೆ ಬೆಕ್ಕಿನ ಬಾಯಿಗೆ ಹೋಗಬಾರದು. ವಾಂತಿ ಬಿದ್ದ ನೆಲಕ್ಕೆ ಹಾಕುವ ಫಿನಾಯಿಲ್ ಕೂಡ ಹಾಗೆಯೇ, ಅಂಗಾಲಿಗೆ ತಾಗಿದ್ದನ್ನು ನೆಕ್ಕಿ ಬೆಕ್ಕಿಗೆ ವಿಷವಾಗುತ್ತದೆ. ಸಾಬೂನು ನೀರು ಸಾಕು.

ಮರಿಗಳ ವಿಷಯದಲ್ಲಿ ಕಾಯುವ ಸಮಯವೇ ಇಲ್ಲ. ಅಂಗೈಯಗಲದ ಮೈಯಲ್ಲಿ ಎಷ್ಟು ನೀರಿರುತ್ತದೆ ಹೇಳಿ! ಬೆಳಗ್ಗೆ ಭೇದಿ ಶುರುವಾದ ಮರಿ ಸಂಜೆಗೆ ತಣ್ಣಗಾಗಬಹುದು. ಹೊಟ್ಟೆ ಡೊಳ್ಳಾಗಿ ಮೈ ಬಡಕಲಾಗಿದ್ದರೆ ಜಂತುಹುಳ; ತಾಯಿಯ ಹಾಲಿನಿಂದಲೇ ಬಂದಿರುತ್ತದೆ. ಮೂರು ವಾರದ ಮರಿಯಿಂದಲೇ ಎರಡು ವಾರಕ್ಕೊಮ್ಮೆ ಹುಳದ ಔಷಧ ತೂಕ ನೋಡಿ ಕೊಡಿಸಬೇಕು. ಹಿಂಭಾಗದ ಕೂದಲಿಗೆ ಅಕ್ಕಿಕಾಳಿನಂಥದ್ದು ಅಂಟಿದ್ದರೆ ಅದು ಲಾಡಿಹುಳ, ಚಿಗಟದಿಂದ ಬಂದದ್ದು. ಚಿಗಟ ಹೋಗದೆ ಅದು ಹೋಗುವುದಿಲ್ಲ. ಎಲ್ಲಕ್ಕಿಂತ ಭಯಂಕರವಾದದ್ದು ಪ್ಯಾನ್‌ಲ್ಯುಕೋಪೀನಿಯಾ, ಬೆಕ್ಕಿನ ಪಾರ್ವೊ ಎಂದು ಜನ ಹೇಳುವುದು. ಮರಿ ನೀರಿನ ಬಟ್ಟಲ ಮೇಲೆ ತಲೆ ಬಾಗಿಸಿ ಕೂತಿರುತ್ತದೆ, ಕುಡಿಯಲಾಗದು. ಒಂದು ಗೂಡಿನ ಮರಿಗಳೆಲ್ಲ ಒಂದೇ ವಾರದಲ್ಲಿ ಹೋಗುತ್ತವೆ. ಆ ವೈರಾಣು ಮನೆಯಲ್ಲಿ ವರ್ಷದವರೆಗೂ ಉಳಿದೀತು. ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ ತೊಳೆದರೆ ಸಾಯುತ್ತದೆ. ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ದಾಟುವವರೆಗೆ. ಮರಿಗಳನ್ನು ಚೀಲದಲ್ಲಿ ಹಾಕಿ ಸಂತೆಯ ಬದಿಯಲ್ಲಿ ಬಿಟ್ಟುಬರುವುದಕ್ಕಿಂತ ತಾಯಿಗೊಂದು ಸಂತಾನಹರಣ ಶಸ್ತ್ರಚಿಕಿತ್ಸೆ, ಉಳಿದ ಮರಿಗಳಿಗೆ ಲಸಿಕೆ ಎಂಬುದು ನಮ್ಮ ಊರುಗಳಲ್ಲಿ ರೂಢಿಯಾಗಬೇಕು. ಇದು ನನ್ನ ಬಹುದಿನದ ಆಸೆ.

ಡಾಕ್ಟರ ಹತ್ತಿರ ಒಯ್ಯುವುದು ಒಂದು ಸಾಹಸ. ಗೋಣಿಯಲ್ಲಿ ಕಟ್ಟಿ ಬಸ್ಸು ಹತ್ತಿದರೆ ಹೆದರಿಯೇ ಅರ್ಧ ಜೀವ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯೋ ಮುಚ್ಚಳದ ಬುಟ್ಟಿಯೋ ವಾರದ ಮುಂಚೆಯೇ ಮನೆಯಲ್ಲಿ ತೆರೆದಿಟ್ಟರೆ ಅದೇ ಹೋಗಿ ಮಲಗಿ ರೂಢಿ ಮಾಡಿಕೊಳ್ಳುತ್ತದೆ. ಹೊರಡುವಾಗ ಅದು ಮಲಗುವ ಹಳೆಯ ಸೀರೆಯ ತುಂಡು ಒಳಗಿರಲಿ. ವಾಂತಿಯ ಫೋಟೋ ಮೊಬೈಲಿನಲ್ಲಿ, ಮಲದ ಚೂರು ಸಣ್ಣ ಡಬ್ಬಿಯಲ್ಲಿ. ಯಾವಾಗ ಶುರುವಾಯಿತು, ಕೊನೆಯ ಊಟ ಏನು, ಇಲಿಪಾಷಾಣ ಇಟ್ಟಿದ್ದೀರಾ, ಇಷ್ಟಕ್ಕೆ ಉತ್ತರ ತಯಾರಿರಲಿ. ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ದನಗಳ ಕೆಲಸವೇ ಹೆಚ್ಚು, ನಿಜ. ಆದರೂ ಬುಟ್ಟಿ ಹಿಡಿದು ಹೋಗಿ ಸಂಕೋಚವಿಲ್ಲದೆ ಕೇಳಿ. ಸಂಚಾರಿ ಪಶುಚಿಕಿತ್ಸೆಗೆ 1962 ಎಂಬ ಸಂಖ್ಯೆಯೂ ಉಂಟು.

ಬೆಕ್ಕು ತನ್ನ ನೋವನ್ನು ಬಚ್ಚಿಡುತ್ತದೆ. ತಾನು ಬೇಟೆಯಾಡುವ ಪ್ರಾಣಿಯಾದರೂ ತನಗಿಂತ ದೊಡ್ಡವಕ್ಕೆ ತಾನೂ ಬೇಟೆಯಾದ್ದರಿಂದ ಸೋತದ್ದನ್ನು ತೋರಿಸಿದರೆ ಉಳಿವಿಲ್ಲವೆಂದು ಅದರ ರಕ್ತಕ್ಕೆ ಗೊತ್ತು. ವಯಸ್ಸಾದ ಬೆಕ್ಕುಗಳಲ್ಲಿ ಇದು ಇನ್ನೂ ಹೆಚ್ಚು. ಆಗೊಮ್ಮೆ ಈಗೊಮ್ಮೆ ವಾಂತಿ, "ಪ್ರಾಯ ಆಯ್ತಲ್ಲ" ಎಂದು ಬಿಡುತ್ತೇವೆ. ಮೂತ್ರಪಿಂಡ ಸೋಲುತ್ತಿರಬಹುದು, ಥೈರಾಯ್ಡ್ ಏರಿರಬಹುದು, ಹಲ್ಲು ನೋಯುತ್ತಿರಬಹುದು. ನೀರು ಕುಡಿಯುವುದು ಹೆಚ್ಚಾಯಿತೇ, ಮೊದಲು ಜಿಗಿಯುತ್ತಿದ್ದ ಕಿಟಕಿಗೆ ಈಗ ಜಿಗಿಯುವುದಿಲ್ಲವೇ, ನೋಡುತ್ತಿರಿ. ನೀರಿನ ಬಟ್ಟಲು ಎರಡು ಕಡೆ ಇರಲಿ, ಊಟದ ತಟ್ಟೆಯಿಂದ ಸ್ವಲ್ಪ ದೂರದಲ್ಲಿ. ತಿಂಗಳಿಗೊಮ್ಮೆ ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು, ಕಳೆದು ಉಳಿದದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕವೋ ಸಂಕ್ರಮಣದ ಪಕ್ಕವೋ ಬರೆದಿಡಿ. ನಾಲ್ಕು ಕಿಲೋ ಇದ್ದದ್ದು ಮೂರು ಮುಕ್ಕಾಲಾದ ತಿಂಗಳೇ ಡಾಕ್ಟರ ಹತ್ತಿರ ಹೋಗಬೇಕು, ಮೂರೂವರೆಗೆ ಇಳಿಯುವವರೆಗೆ ಕಾಯಬಾರದು.